ಹೆಪ್ಪು ಮನೆಯಲ್ಲೇ ಇರಲಿ

ನೀನು ಹಳ್ಳಿ ಸೆಕ್ಷನ್ನಿಗೆ ಜೆಇ ಆಗಿ ಹೋಗುತ್ತಿರುವ ಸುದ್ದಿ ಕೇಳಿ ಖುಷಿಯಾಯಿತು ಮಗೂ. ಬೆಂಗಳೂರು ಸಿಗಲಿಲ್ಲವೆಂದು ಮುಖ ಊದಿಸಿಕೊಂಡಿದ್ದೀಯ ಎಂದೂ ಕೇಳಿದೆ. ಮೊದಲು ಆ ಮುಖ ಸರಿ ಮಾಡಿಕೋ. ಪಂಪ್‌ಸೆಟ್ ಫೀಡರ್ ಒಂದನ್ನು ಒಂದು ಬೇಸಿಗೆ ನೆಟ್ಟಗೆ ನಡೆಸಿದವರಿಗೆ ಮುಂದೆ ಯಾವ ಸ್ಟೇಷನ್ ಕೊಟ್ಟರೂ ಕೈ ನಡುಗುವುದಿಲ್ಲ. ನಿನ್ನ ಬುದ್ಧಿಯ ಬಗ್ಗೆ ನನಗೆ ಅನುಮಾನವಿಲ್ಲ. ನಿನ್ನ ಅವಸರದ ಬಗ್ಗೆ ಇದೆ. ಅದಕ್ಕೇ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ಮಾರ್ಚ್ ಬರುತ್ತಿದ್ದಂತೆ ಏನಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಆಫೀಸಿನ ಬೀಗ ತೆಗೆಯುವ ಮೊದಲೇ ರೈತರು ಬಂದು ನಿಂತಿರುತ್ತಾರೆ. "ವೋಲ್ಟೇಜೇ ಇಲ್ಲ ಸಾರ್, ಮೋಟ್ರು ನೀರೆತ್ತುತ್ತಿಲ್ಲ. ಇರೋ ಟಿಸಿ ಇವತ್ತೋ ನಾಳೆಯೋ ಅನ್ನುತ್ತಿದೆ." ನೀನು ಚುರುಕು. ಕೂತಲ್ಲೇ ಎಸ್ಟಿಮೇಟ್ ಬರೆಯುತ್ತೀಯ. ಇನ್ನೊಂದು ಟ್ರಾನ್ಸ್‌ಫಾರ್ಮರ್ (ಟಿಸಿ), ದಪ್ಪ ತಂತಿ, ಹೊಸ ಕಂಬ. ಅದು ಎಇಇ ಮೇಜಿಗೆ, ಅಲ್ಲಿಂದ ಇಇ ಮೇಜಿಗೆ ಹೋಗಿ, ಮಂಜೂರಾಗಿ, ಕಂಟ್ರಾಕ್ಟರ್ ಬರುವಷ್ಟರಲ್ಲಿ ಬೆಳೆ ಒಣಗಿರುತ್ತದೆ. ಟಿಸಿ ಬೇಡವೆಂದು ನಾನು ಹೇಳುವುದಿಲ್ಲ. ಬೇಕಾದ ಕಡೆ ಬೇಕೇ ಬೇಕು. ಆದರೆ ಪೆನ್ನು ಹಿಡಿಯುವ ಮೊದಲು ಪವರ್ ಫ್ಯಾಕ್ಟರ್ ತೋರಿಸುವ ಒಂದು ಟಾಂಗ್ ಟೆಸ್ಟರ್ ಹಿಡಿದು ಆ ಟಿಸಿಯ ಹತ್ತಿರ ಹೋಗು. ಅದು ಹೊರುತ್ತಿರುವ ಭಾರದಲ್ಲಿ ನೀರೆತ್ತುವ ಭಾರ ಎಷ್ಟು, ಸುಮ್ಮನೆ ಹೋಗಿ ಬರುವ ಭಾರ ಎಷ್ಟು, ಅದನ್ನು ನೋಡು.

ಆ ಸುಮ್ಮನೆ ಹೋಗಿ ಬರುವ ಭಾರವೇ ರಿಯಾಕ್ಟಿವ್ ಪವರ್. ಕಾಲೇಜಿನಲ್ಲಿ ನೀನು ಅದಕ್ಕೊಂದು ತ್ರಿಕೋನ ಬರೆದು ಒಳ್ಳೆಯ ಮಾರ್ಕ್ಸ್ ತಗೊಂಡಿದ್ದೀಯ. ಊರಿನಲ್ಲಿ ಆ ತ್ರಿಕೋನ ಬಿಡಿಸಬೇಡ. ಅಲ್ಲಿಯವರಿಗೆ ಅರ್ಥವಾಗುವ ಹಾಗೆ ಹೇಳು. ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಎಷ್ಟು ಗಟ್ಟಿ ಹಾಲಿದ್ದರೂ ಹೆಪ್ಪಿಲ್ಲದೆ ಮೊಸರಾಗದು. ಹಾಗಂತ ಹೆಪ್ಪು ಊಟಕ್ಕೆ ತಂದದ್ದಲ್ಲ. ಇವತ್ತು ಪಕ್ಕದ ಮನೆಯಿಂದ ತಂದಷ್ಟನ್ನು ನಾಳೆ ವಾಪಸ್ ಕೊಡಬಹುದು. ಮೋಟರಿನ ವೈಂಡಿಂಗ್‌ನಲ್ಲಿ ಕಾಂತಕ್ಷೇತ್ರ ಏಳುವುದಕ್ಕೂ ಅಂಥದೇ ಒಂದು ಹೆಪ್ಪು ಬೇಕು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಪ್ರತಿ ಫೇಸೂ ಸೆಕೆಂಡಿಗೆ 100 ಸಲ ಅದನ್ನು ತರಿಸಿಕೊಂಡು 100 ಸಲ ವಾಪಸ್ ಕಳಿಸುತ್ತದೆ. ಈಗ ಊರಿನ ಪ್ರತಿ ಮನೆಯವರೂ ಒಂದು ಚಮಚ ಹೆಪ್ಪಿಗೆ ದಿನವೂ ದೂರದ ಪೇಟೆಗೆ ಹೋಗಿ ಬಂದರೆ ಏನಾದೀತು? ದಾರಿ ತುಂಬ ಅವರೇ ಆಗುತ್ತಾರೆ, ಹಾಲಿನ ಕ್ಯಾನು ಹೋಗಲು ಜಾಗವಿರುವುದಿಲ್ಲ. ಪಂಪ್‌ಸೆಟ್ ಫೀಡರಿನ ಗೋಳೂ ಇದೇ. ಕೆಪಾಸಿಟರ್ ಎಂದರೆ ಮನೆಯಲ್ಲೇ ಎತ್ತಿಟ್ಟ ಹೆಪ್ಪು. ಮೋಟರ್ ಬಿಟ್ಟುಕೊಟ್ಟದ್ದನ್ನು ಅದು ಹಿಡಿದಿಟ್ಟು, ಮೋಟರ್ ಕೇಳಿದ ಗಳಿಗೆಯಲ್ಲಿ ಕೊಡುತ್ತದೆ. ಅಷ್ಟು ಭಾರ ಲೈನಿನ ಮೇಲಿಂದ ಇಳಿಯುತ್ತದೆ.

ಕರೆಂಟನ್ನು ದೂರ ಸಾಗಿಸುವುದರಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರಿದೆ. 1902ರಲ್ಲೇ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುಮಾರು 147 ಕಿಲೋಮೀಟರ್. ಆಗಿನ ಕಾಲಕ್ಕೆ ಅದು ಜಗತ್ತಿನ ಉದ್ದನೆಯ ಲೈನುಗಳಲ್ಲೊಂದು. ವಾಟನ್ನು ಹೀಗೆ ದೂರ ಸಾಗಿಸಬಹುದು. ರಿಯಾಕ್ಟಿವ್ ಪವರನ್ನು ಸಾಗಿಸಲು ಹೋದರೆ ದಾರಿಯುದ್ದಕ್ಕೂ ವೋಲ್ಟೇಜು ತಿನ್ನುತ್ತದೆ, ತಂತಿಯನ್ನು ಸುಮ್ಮನೆ ಬಿಸಿ ಮಾಡುತ್ತದೆ. ದಪ್ಪ ತಂತಿ ಎಳೆದರೆ ಸರಿಹೋಗುತ್ತದೆಂದು ನೀನು ಹೇಳುವೆ. ತಂತಿ ದಪ್ಪವಾದರೆ ರೆಸಿಸ್ಟೆನ್ಸ್ ಚೆನ್ನಾಗಿ ಇಳಿಯುತ್ತದೆ, ನಿಜ. ರಿಯಾಕ್ಟೆನ್ಸ್ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ, ಏಕೆಂದರೆ ಅದು ತಂತಿ ತಂತಿಯ ನಡುವಿನ ಅಂತರವನ್ನೂ ನೆಚ್ಚಿಕೊಂಡಿದೆ. ರಿಯಾಕ್ಟಿವ್ ಪವರಿನಿಂದ ಕುಸಿಯುವ ವೋಲ್ಟೇಜು ದಪ್ಪ ತಂತಿಗೆ ಸುಲಭವಾಗಿ ಬಗ್ಗದು. ರಿಯಾಕ್ಟಿವ್ ಪವರ್ ಎಲ್ಲಿ ಬೇಕೋ ಅಲ್ಲೇ ಹುಟ್ಟಬೇಕು.

ಲೆಕ್ಕವಿಲ್ಲದೆ ನೀನು ನಂಬುವವನಲ್ಲ ಎಂದು ಗೊತ್ತು. ಒಂದು ಲೆಕ್ಕ ಹಾಕೋಣ. ಒಂದು 5 ಎಚ್‌ಪಿ ಮೋಟರ್ ಲೈನಿನಿಂದ ಸುಮಾರು 4.6 ಕಿಲೋವಾಟ್ ಎಳೆಯುತ್ತದೆ ಎಂದಿಟ್ಟುಕೋ. ಹಳ್ಳಿಯಲ್ಲಿ ಅದರ ಪವರ್ ಫ್ಯಾಕ್ಟರ್ 0.75 ಇದ್ದರೆ ಅದು ಟಿಸಿಯ ಮೇಲೆ ಹೊರಿಸುವ ಭಾರ 6.1 ಕೆವಿಎ, ಎಳೆಯುವ ಕರೆಂಟು ಸುಮಾರು 8.5 ಆಂಪಿಯರ್. ಅಂಥ 12 ಮೋಟರ್ ಒಂದು 63 ಕೆವಿಎ ಟಿಸಿಯ ಮೇಲೆ ಒಟ್ಟಿಗೆ ಓಡಿದರೆ 74 ಕೆವಿಎ ಆಯಿತು. ಟಿಸಿ ಕುದಿಯದೆ ಇನ್ನೇನು ಮಾಡೀತು? ಈಗ ಪ್ರತಿ ಮೋಟರಿಗೂ 2 ಕೆವಿಎಆರ್ ಕೆಪಾಸಿಟರ್ ಹಾಕು. ಪವರ್ ಫ್ಯಾಕ್ಟರ್ 0.91ಕ್ಕೆ ಏರುತ್ತದೆ. ಕರೆಂಟು 7 ಆಂಪಿಯರಿಗೆ ಇಳಿಯುತ್ತದೆ. ಹನ್ನೆರಡೂ ಸೇರಿ 61 ಕೆವಿಎ ಒಳಗೇ ನಿಲ್ಲುತ್ತವೆ. ಅದೇ ಟಿಸಿ, ಅದೇ ಮೋಟರುಗಳು, ಅಷ್ಟೇ ನೀರು. ತಂತಿಯಲ್ಲಿ ಸುಟ್ಟುಹೋಗುವ ನಷ್ಟ ಕರೆಂಟಿನ ವರ್ಗದ ಲೆಕ್ಕದಲ್ಲಿ ನಡೆಯುವುದರಿಂದ ಮೋಟರಿನಿಂದ ಟಿಸಿವರೆಗಿನ ಆ ನಷ್ಟ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ನೀನು ಬರೆಯಲು ಹೊರಟಿದ್ದ ಎಸ್ಟಿಮೇಟನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡು. ನಮ್ಮ ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳಿವೆ. ಹನ್ನೆರಡರ ಲೆಕ್ಕ ನಿಜವಾದರೆ ಅವುಗಳ ಲೆಕ್ಕ ನೀನೇ ಹಾಕಿಕೋ.

ಇಷ್ಟು ಸುಲಭವಾದ ಮೇಲೆ ಯಾರೂ ಯಾಕೆ ಮಾಡುತ್ತಿಲ್ಲ? ಇದೇ ನೀನು ಕೇಳಬೇಕಾದ ಪ್ರಶ್ನೆ, ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಪಂಪ್‌ಸೆಟ್ಟಿಗೆ ಕೆಪಾಸಿಟರ್ ಇರಬೇಕೆಂದು ನಿಯಮವೇನೋ ಇದೆ. ಸಂಪರ್ಕ ಕೊಡುವ ದಿನ ಇರುತ್ತದೆ, ಎರಡು ವರ್ಷದ ಮೇಲೆ ಹೋಗಿ ನೋಡಿದರೆ ಇರುವುದಿಲ್ಲ. ಎಲ್ಲಿ ಹೋಯಿತು? ಊದಿಕೊಂಡು ಕೆಟ್ಟಿರುತ್ತದೆ, ಇಲ್ಲವೇ ಮೋಟರ್ ಸುಟ್ಟು ರೀವೈಂಡಿಂಗ್ ಮಾಡಿಸಿ ತಂದಾಗ ಮೆಕ್ಯಾನಿಕ್ ಅದರ ವೈರು ಕತ್ತರಿಸಿ ಪಕ್ಕಕ್ಕಿಟ್ಟಿರುತ್ತಾನೆ. ಮತ್ತೆ ಕೊಡಿಸಲು ರೈತನಿಗೆ ಕಾರಣವೇ ಕಾಣುವುದಿಲ್ಲ. ಕಾರ್ಖಾನೆಯವರ ಪವರ್ ಫ್ಯಾಕ್ಟರ್ ಇಳಿದರೆ ಬಿಲ್ಲಿನಲ್ಲಿ ದಂಡ ಬೀಳುತ್ತದೆ. ಅವರು ಓಡಿಬಂದು ಕೆಪಾಸಿಟರ್ ಹಾಕಿಸುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ಬಿಲ್ಲೇ ಇಲ್ಲದ ಮೇಲೆ ದಂಡ ಎಲ್ಲಿಂದ ಬರಬೇಕು?

ಇನ್ನೂ ಒಳಗಿನ ಕಾರಣವೊಂದಿದೆ. ಕೆಪಾಸಿಟರಿನ ಲಾಭ ಹಾಕಿಸಿದವನಿಗಿಂತ ಹೆಚ್ಚಾಗಿ ಪಕ್ಕದವನಿಗೆ ಸಿಗುತ್ತದೆ. ಅದರಿಂದ ಕೆಳಗೆ, ಬೋರ್‌ವೆಲ್ಲಿನೊಳಕ್ಕೆ ಇಳಿದ ಕೇಬಲ್ಲಿನಲ್ಲಿ ಹರಿಯುವ ಕರೆಂಟು ಇದ್ದಷ್ಟೇ ಇರುತ್ತದೆ. ಹಗುರಾಗುವುದು ಮೇಲಿನ ಲೈನು, ಟಿಸಿ, ಫೀಡರ್. ಒಬ್ಬನೇ ಹಾಕಿಸಿದರೆ ಅವನಿಗೆ ಅದು ಕಾಣಿಸುವುದೂ ಇಲ್ಲ. ಟಿಸಿಯ ಮೇಲಿರುವ ಹನ್ನೆರಡು ಜನರೂ ಹಾಕಿಸಿದರೆ ಹನ್ನೆರಡು ಜನರ ವೋಲ್ಟೇಜೂ ಏರುತ್ತದೆ, ಅದರಲ್ಲೂ ಲೈನಿನ ಕೊನೆಯವನದು ಹೆಚ್ಚು ಏರುತ್ತದೆ. ಅಂದರೆ ಇದು ನೆರೆಹೊರೆಯ ಕೆಲಸ ಮಗೂ. ಒಬ್ಬೊಬ್ಬರಿಗೇ ನೋಟಿಸ್ ಕೊಟ್ಟು ಆಗುವಂಥದ್ದಲ್ಲ. ಹೆದರಿಸಿ ಹಾಕಿಸಿದ್ದು ನೀನು ಬೈಕ್ ತಿರುಗಿಸಿದ ಕೂಡಲೇ ಕಳಚಿಕೊಳ್ಳುತ್ತದೆ. ಒಪ್ಪಿಸಿ ಹಾಕಿಸಿದ್ದು ಉಳಿಯುತ್ತದೆ.

ಒಪ್ಪಿಸುವುದು ಹೇಗೆಂದು ಕೇಳು. ಫೀಡರ್ ಪೂರ್ತಿ ಹಿಡಿಯಬೇಡ. ಅದು ನಿನ್ನ ವಯಸ್ಸಿನವರೆಲ್ಲ ಮಾಡುವ ಕೆಲಸ. ಒಂದು ಟಿಸಿ ಹಿಡಿ. ಅದರ ಮೇಲಿರುವ ರೈತರನ್ನೆಲ್ಲ ಒಂದು ಸಂಜೆ ಆ ಟಿಸಿಯ ಹತ್ತಿರವೇ ಕೂರಿಸು. ಆಫೀಸಿಗೆ ಕರೆಯಬೇಡ, ನೀನೇ ಹೋಗು. ಅವರಲ್ಲಿ ಲೈನಿನ ಕೊನೆಯವನು ಯಾರು, ಅವನ ಮೋಟರ್ ಎಷ್ಟು ಸಲ ಸುಟ್ಟಿದೆ, ರೀವೈಂಡಿಂಗಿಗೆ ಎಷ್ಟು ತೆತ್ತಿದ್ದಾನೆ, ಅವನ ಬಾಯಿಂದಲೇ ಹೇಳಿಸು. ಮೋಟರ್ ಸುಟ್ಟ ಸಂಕಟ ಪ್ರತಿ ರೈತನಿಗೂ ಗೊತ್ತು. ವೋಲ್ಟೇಜು ಇಳಿದರೆ ಅದೇ ಕೆಲಸಕ್ಕೆ ಮೋಟರ್ ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಸುಡುತ್ತದೆ. ನಿಯಮದ ಪ್ರಕಾರ 415 ವೋಲ್ಟಿನ ಲೈನು 390ಕ್ಕಿಂತ ಕೆಳಗೆ ಹೋಗಬಾರದು. ಕೊನೆಯವನ ಸ್ಟಾರ್ಟರ್ ಡಬ್ಬಿಯ ಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಎಲ್ಲರಿಗೂ ತೋರಿಸು. ಆಮೇಲೆ ಕೆಪಾಸಿಟರಿನ ಬೆಲೆಯನ್ನು ರೀವೈಂಡಿಂಗಿನ ಬೆಲೆಯ ಪಕ್ಕದಲ್ಲಿಟ್ಟು ಹೇಳು. ಹಳ್ಳಿಯವರಿಗೆ ಲೆಕ್ಕ ಕಲಿಸಬೇಕಾಗಿಲ್ಲ.

ಒಬ್ಬ ರೈತ ಎದ್ದು ನಿಂತು, "ಕಂಡೆನ್ಸರ್ ಹಾಕಿದರೆ ಮೋಟ್ರು ಸುಡುತ್ತೆ ಸಾರ್, ನಮ್ಮ ಅಣ್ಣಂದು ಸುಟ್ಟೋಯ್ತು" ಎನ್ನುತ್ತಾನೆ. ಕೆಪಾಸಿಟರಿಗೆ ಊರಿನ ಹೆಸರು ಕಂಡೆನ್ಸರ್. ಇಂಥವನು ಪ್ರತಿ ಊರಿನಲ್ಲೂ ಒಬ್ಬನಾದರೂ ಇರುತ್ತಾನೆ. ಅವನನ್ನು ನೋಡಿ ನಗಬೇಡ. ಅವನ ಮಾತಿನಲ್ಲಿ ಸತ್ಯವಿದೆ. ಸಿಂಗಲ್ ಫೇಸ್ ಹೊತ್ತಿನಲ್ಲಿ ಮೂರು ಫೇಸಿನ ಮೋಟರನ್ನು ಎರಡು ತಂತಿಯಲ್ಲಿ ಓಡಿಸಲು ಜನ ಕಂಡೆನ್ಸರ್ ಹಾಕುತ್ತಾರೆ. ಆ ಕೆಲಸವೇ ಬೇರೆ. ಅದರಲ್ಲಿ ಫೇಸುಗಳಿಗೆ ಸಮತೋಲನ ತಪ್ಪಿ ವೈಂಡಿಂಗ್ ಬಿಸಿಯಾಗುತ್ತದೆ, ಮೋಟರ್ ಸುಡುತ್ತದೆ. ಅವನ ಅಣ್ಣನ ಮೋಟರ್ ಸುಟ್ಟದ್ದು ಬಹುಶಃ ಹಾಗೆಯೇ. ಎರಡೂ ಕಂಡೆನ್ಸರೇ ಆದರೂ ಎರಡರ ಉದ್ದೇಶ ಬೇರೆ ಎಂದು ಡಬ್ಬಿ ತೆರೆದು, ವೈರು ತೋರಿಸಿ ತಿಳಿಸು. ಅವನು ಒಪ್ಪಿದರೆ ಊರೇ ಒಪ್ಪಿದ ಹಾಗೆ. ಎದುರು ಮಾತಾಡುವವನನ್ನು ಬಾಯಿ ಮುಚ್ಚಿಸಿ ಗೆದ್ದೆನೆಂದುಕೊಳ್ಳುವ ಅಧಿಕಾರಿಗೆ ಹಳ್ಳಿಯಲ್ಲಿ ನಮಸ್ಕಾರ ಸಿಗುತ್ತದೆ, ಸಹಕಾರ ಸಿಗುವುದಿಲ್ಲ.

ಈಗ ಕೈ ಕೆಲಸಕ್ಕೆ ಬರೋಣ. ಎಷ್ಟು ಎಚ್‌ಪಿಗೆ ಎಷ್ಟು ಕೆಪಾಸಿಟರ್ ಎಂಬುದು ಬಾಯಿಪಾಠವಾಗಿರಲಿ. 3 ಎಚ್‌ಪಿಗೆ 1 ಕೆವಿಎಆರ್, 5ಕ್ಕೆ 2, ಏಳೂವರೆಗೆ 3, 10ಕ್ಕೆ ಸುಮಾರು 4. ಆದರೆ ಮೋಟರಿನ ಮೇಲಿನ ಪ್ಲೇಟನ್ನು ಕಣ್ಣು ಮುಚ್ಚಿ ನಂಬಬೇಡ. ಪ್ಲೇಟಿನಲ್ಲಿ 5 ಎಂದಿದ್ದು ಒಳಗೆ ಏಳೂವರೆ ಇರುವುದು ನಮ್ಮ ಕಡೆ ಹೊಸದೇನಲ್ಲ. ಬೋರ್‌ವೆಲ್ ಆಳಕ್ಕೆ ಇಳಿದ ಹಾಗೆಲ್ಲ ಜನ ಅಂದಾಜಿನ ಮೇಲೆ ದೊಡ್ಡ ಮೋಟರ್ ತರುತ್ತಾರೆ. ಕೆಲಸಕ್ಕಿಂತ ದೊಡ್ಡ ಮೋಟರ್ ಅರ್ಧ ಹೊಟ್ಟೆಯಲ್ಲಿ ಓಡುತ್ತದೆ, ಅಂಥದ್ದರ ಪವರ್ ಫ್ಯಾಕ್ಟರ್ ಇನ್ನೂ ಕೆಳಗಿರುತ್ತದೆ. ಅಳೆದು ನೋಡಿಯೇ ಹಾಕಿಸು. ಕೆಪಾಸಿಟರನ್ನು ಸ್ಟಾರ್ಟರಿನ ಕಾಂಟ್ಯಾಕ್ಟರ್ ಆದ ಮೇಲೆ ಜೋಡಿಸಿದರೆ ಮೋಟರ್ ನಿಂತಾಗ ಅದೂ ಲೈನಿನಿಂದ ಕಳಚಿಕೊಳ್ಳುತ್ತದೆ. ಓವರ್‌ಲೋಡ್ ರಿಲೇ ಆದ ಮೇಲೆ ಜೋಡಿಸಿದ್ದರೆ ರಿಲೇ ನೋಡುವ ಕರೆಂಟು ಕಡಿಮೆಯಾಗಿರುತ್ತದೆ. ಆಗ ಅದರ ಸೆಟ್ಟಿಂಗನ್ನೂ ಇಳಿಸಬೇಕು, ಇಲ್ಲದಿದ್ದರೆ ಮೋಟರ್ ಬಿಸಿಯಾದರೂ ರಿಲೇ ಟ್ರಿಪ್ ಆಗುವುದಿಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವ ಕಡೆ ಮೋಟರಿನ ತುದಿಗೆ ನೇರವಾಗಿ ಕಟ್ಟಬೇಡ. ಬದಲಾವಣೆಯ ಆ ಕ್ಷಣದಲ್ಲಿ ಕೆಪಾಸಿಟರ್ ತೊಂದರೆ ಕೊಡುತ್ತದೆ.

ಹೆಪ್ಪು ಹೆಚ್ಚಾದರೆ ಮೊಸರು ಹುಳಿಯಾಗುತ್ತದೆ, ಇದನ್ನು ಮರೆಯಬೇಡ. "ಎರಡು ಹಾಕಿದರೆ ಒಳ್ಳೆಯದು, ನಾಲ್ಕು ಹಾಕಿದರೆ ಇನ್ನೂ ಒಳ್ಳೆಯದು" ಎಂಬ ಆಸೆ ಈ ಕೆಲಸದಲ್ಲಿ ನಡೆಯುವುದಿಲ್ಲ. ಮೋಟರಿಗೆ ಖಾಲಿ ಓಡುವಾಗ ಬೇಕಾಗುವ ಮ್ಯಾಗ್ನೆಟೈಸಿಂಗ್ ಭಾಗಕ್ಕಿಂತ ಕೆಪಾಸಿಟರ್ ಸ್ವಲ್ಪ ಕಡಿಮೆಯೇ ಇರಬೇಕು. ಮೀರಿದರೆ ಕರೆಂಟು ಹೋದ ಮೇಲೂ ಓಡುತ್ತಿರುವ ಮೋಟರ್ ಸ್ವಲ್ಪ ಹೊತ್ತು ಜನರೇಟರಿನಂತೆ ವೋಲ್ಟೇಜು ಎಬ್ಬಿಸಿ ತನ್ನ ವೈಂಡಿಂಗನ್ನೂ ಸ್ಟಾರ್ಟರನ್ನೂ ಹಾಳುಮಾಡಿಕೊಳ್ಳಬಹುದು.

ಕೆಪಾಸಿಟರಿಗೆ ಇನ್ನೊಂದು ಗುಣವಿದೆ. ಅದು ಕೊಡುವ ಕೆವಿಎಆರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬದಲಾಗುತ್ತದೆ. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಕೆಪಾಸಿಟರ್ ಕೊಡುವುದು ನೂರಕ್ಕೆ 64 ಮಾತ್ರ. ಅಂದರೆ ಲೈನು ಪೂರ್ತಿ ಕುಸಿದ ಮೇಲೆ ಅದನ್ನು ಎತ್ತಲು ಕೆಪಾಸಿಟರಿಗೆ ಪೂರ್ಣ ಶಕ್ತಿ ಇರುವುದಿಲ್ಲ. ಆದ್ದರಿಂದ ಈ ಕೆಲಸ ಬೇಸಿಗೆಯಲ್ಲಿ ಶುರು ಮಾಡುವಂಥದ್ದಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ, ಪಂಪುಗಳು ಇನ್ನೂ ಅರೆಬರೆ ಓಡುವಾಗ ಡಬ್ಬಿ ಡಬ್ಬಿ ನೋಡಿ, ಕೆಟ್ಟದ್ದನ್ನು ಬದಲಿಸಿ ಮುಗಿಸಿರಬೇಕು. ಊದಿದ್ದು, ಎಣ್ಣೆ ಸೋರಿದ್ದು, ಟರ್ಮಿನಲ್ ಕಪ್ಪಾಗಿದ್ದು ಕಣ್ಣಿಗೇ ಕಾಣುತ್ತದೆ. ಹೊರಗೆ ಚೆನ್ನಾಗಿದ್ದು ಒಳಗೆ ಸತ್ತಿರುವುದನ್ನು ಹಿಡಿಯಲು ಟಾಂಗ್ ಟೆಸ್ಟರ್ ಬೇಕು. 2 ಕೆವಿಎಆರ್ ಕೆಪಾಸಿಟರ್ 415 ವೋಲ್ಟಿನಲ್ಲಿ ಪ್ರತಿ ತಂತಿಗೂ ಸುಮಾರು 2.8 ಆಂಪಿಯರ್ ಎಳೆಯಬೇಕು. ಎಳೆಯದಿದ್ದರೆ ಅದು ಡಬ್ಬಿಯೊಳಗೆ ಜಾಗ ಹಿಡಿದಿರುವ ಬರೀ ತಗಡು.

ತ್ರೀ ಫೇಸ್ ಬರುವ ಗಳಿಗೆಯನ್ನೂ ಒಮ್ಮೆ ಕಂಬದ ಕೆಳಗೆ ನಿಂತು ನೋಡು. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ನಮ್ಮಲ್ಲಿನ ಪದ್ಧತಿ. ಯಾವ ಹೊತ್ತಿನಲ್ಲಿ ಬರುತ್ತದೋ ಎಂದು ಕಾಯಲಾಗದೆ ಜನ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ರಾತ್ರಿ ಎರಡು ಗಂಟೆಗೆ ಹೊಲಕ್ಕೆ ಹೋಗಿ ಹಾವು ತುಳಿಯುವುದಕ್ಕಿಂತ ಅದೇ ವಾಸಿ, ಅವರನ್ನು ಬೈಯಬೇಡ. ಆದರೆ ಕರೆಂಟು ಬಂದ ಕೂಡಲೇ ಇಡೀ ಫೀಡರಿನ ಮೋಟರುಗಳು ಒಟ್ಟಿಗೆ ಏಳುತ್ತವೆ. ಏಳುವಾಗ ಮೋಟರ್ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ರಿಯಾಕ್ಟಿವ್. ವೋಲ್ಟೇಜು ನೆಲ ಕಚ್ಚುತ್ತದೆ. ಅರ್ಧ ಮೋಟರುಗಳು ಏಳಲಾರದೆ ಗುಂಯ್‌ಗುಡುತ್ತವೆ, ಅವೇ ಸುಡುವುದು. ಆಟೋ ಸ್ಟಾರ್ಟರಿನಲ್ಲಿ ತಡಮಾಡಿ ಏಳಿಸುವ ಟೈಮರ್ ಇರುತ್ತದೆ. ಒಂದೊಂದು ಡಬ್ಬಿಗೂ ಬೇರೆ ಬೇರೆ ಸಮಯ ಇಡಿಸು. ಮೊದಲನೆಯವನು ಅರ್ಧ ನಿಮಿಷಕ್ಕೆ, ಎರಡನೆಯವನು ಒಂದು ನಿಮಿಷಕ್ಕೆ. ಕಾಸಿನ ಖರ್ಚಿಲ್ಲದ ಮದ್ದು ಇದು. ಯಾರು ಮೊದಲು ಎಂಬ ಜಗಳ ಬರುತ್ತದೆ. ತಿಂಗಳಿಗೊಮ್ಮೆ ಸರದಿ ಬದಲಿಸು, ಜಗಳ ನಿಲ್ಲುತ್ತದೆ.

ಇನ್ನು ಸ್ಟೇಷನ್ನಿನ ಮಾತು. ನಿನ್ನ ಸ್ಟೇಷನ್ನಿನಲ್ಲಿ 11 ಕೆವಿ ಕೆಪಾಸಿಟರ್ ಬ್ಯಾಂಕ್ ಇರುತ್ತದೆ. ಆಪರೇಟರ್ ಮೀಟರ್ ತೋರಿಸಿ, "ಪವರ್ ಫ್ಯಾಕ್ಟರ್ 0.95 ಸಾರ್, ಎಲ್ಲ ಚೆನ್ನಾಗಿದೆ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ಬ್ಯಾಂಕ್ ತನಗಿಂತ ಮೇಲಿನ ಲೈನನ್ನೂ ದೊಡ್ಡ ಟ್ರಾನ್ಸ್‌ಫಾರ್ಮರನ್ನೂ ಹಗುರ ಮಾಡಿದೆ. ಸ್ಟೇಷನ್ನಿನಿಂದ ಹೊಲದವರೆಗಿನ ಫೀಡರ್ ಮಾತ್ರ ಮೊದಲು ಹೊರುತ್ತಿದ್ದಷ್ಟೇ ಹೊರುತ್ತಿದೆ. ಅಷ್ಟಕ್ಕೇ ನೆಮ್ಮದಿಪಟ್ಟು ಕುರ್ಚಿಗೆ ಒರಗಬೇಡ. ಲೈನಿನ ಕೊನೆಗೆ ಹೋಗು. ಫೀಡರಿನ ಮೇಲೆ ಕಂಬದಲ್ಲೇ ಒಂದು ಬ್ಯಾಂಕ್ ಹಾಕಲು ಅವಕಾಶ ಸಿಕ್ಕಿದರೆ ಜಾಗ ನೋಡಿ ಹಾಕು. ಲೋಡು ಲೈನಿನುದ್ದಕ್ಕೂ ಸಮನಾಗಿ ಹಂಚಿದ್ದರೆ, ಬೇಕಾದ ಕೆವಿಎಆರಿನ ಮೂರನೇ ಎರಡು ಪಾಲನ್ನು ಸ್ಟೇಷನ್ನಿನಿಂದ ಮೂರನೇ ಎರಡು ಪಾಲು ದೂರದಲ್ಲಿ ಇಡಬೇಕೆಂಬುದು ಹಳಬರ ಸೂತ್ರ. ಆ ಒಂದು ಬ್ಯಾಂಕಿನಿಂದಲೇ ರಿಯಾಕ್ಟಿವ್ ಕರೆಂಟು ತರುವ ನಷ್ಟದಲ್ಲಿ ಒಂಬತ್ತನೇ ಎಂಟು ಪಾಲು ತಪ್ಪುತ್ತದೆ. ನಿನ್ನ ಫೀಡರ್ ಸಮನಾಗಿರುವುದಿಲ್ಲ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಬರೀ ಗೋಮಾಳ. ಸೂತ್ರ ಹಿಡಿದು ಹೊರಡು, ಲೋಡು ಎಲ್ಲಿದೆಯೆಂದು ನೋಡಿ ಕಂಬ ಆರಿಸು.

ಹಾಕಿದ ಬ್ಯಾಂಕ್ ಯಾವಾಗ ತೆಗೆಯಬೇಕೆಂದೂ ಗೊತ್ತಿರಬೇಕು. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಕಡೆ ಮನೆಗಳ ಫೀಡರೂ ಪಂಪುಗಳ ಫೀಡರೂ ಬೇರೆಯಾಗಿವೆ. ಪಂಪುಗಳ ಫೀಡರಿನಲ್ಲಿ ಎಲ್ಲವೂ ಒಟ್ಟಿಗೆ ಓಡಿ ಒಟ್ಟಿಗೆ ನಿಲ್ಲುತ್ತವೆ, ಬ್ಯಾಂಕಿಗೆ ಅದು ಅನುಕೂಲ. ಇನ್ನೂ ಬೇರೆಯಾಗದ ಫೀಡರಿನಲ್ಲಿ ಪಂಪುಗಳು ನಿಂತ ಮೇಲೆ ಉಳಿಯುವುದು ನಾಲ್ಕು ದೀಪ, ಎರಡು ಟಿವಿ. ದೊಡ್ಡ ಬ್ಯಾಂಕ್ ಆಗಲೂ ಲೈನಿನಲ್ಲಿದ್ದರೆ ಪವರ್ ಫ್ಯಾಕ್ಟರ್ ಲೀಡಿಂಗಿಗೆ ಹೋಗಿ ವೋಲ್ಟೇಜು ಏರುತ್ತದೆ, ಬಡವರ ಮನೆಯ ಬಲ್ಬು ಢಂ ಎನ್ನುತ್ತದೆ. ಮಳೆ ಬಂದು ಪಂಪುಗಳೆಲ್ಲ ನಿಂತ ವಾರವೂ ಹೀಗೆಯೇ. ತಾನಾಗಿಯೇ ಸ್ವಿಚ್ ಆಗುವ ಬ್ಯಾಂಕ್ ಇದ್ದರೆ ಸರಿ. ಇಲ್ಲದಿದ್ದರೆ ಮಳೆಯ ಮೋಡ ನೋಡಿದ ಕೂಡಲೇ ಬ್ಯಾಂಕ್ ನೆನಪಾಗುವ ಲೈನ್‌ಮನ್ ನಿನ್ನ ಜೊತೆಗಿರಬೇಕು.

ಮುಂದೆ ನಿನ್ನ ಕಾಲದಲ್ಲಿ ಇನ್ನೊಂದು ಗೊಂದಲ ಬರುತ್ತದೆ, ಈಗಲೇ ತಿಳಿದಿರಲಿ. ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳಿಗೆ ಸ್ಟೇಷನ್ನಿನ ಹತ್ತಿರವೇ ಸೋಲಾರ್ ಘಟಕಗಳು ಬರುತ್ತಿವೆ. ಒಳ್ಳೆಯದೇ. ಆದರೆ ಸೋಲಾರಿನವರು ಬರೀ ವಾಟು ಕೊಟ್ಟು ಸುಮ್ಮನಿದ್ದರೆ, ಮೇಲಿನ ಗ್ರಿಡ್‌ನಿಂದ ಬರುವ ವಾಟು ಕಡಿಮೆಯಾಗಿ ರಿಯಾಕ್ಟಿವ್ ಮಾತ್ರ ಹಾಗೇ ಉಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೀಟರಿನಲ್ಲಿ ಪವರ್ ಫ್ಯಾಕ್ಟರ್ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಆಗ ಗಾಬರಿಯಾಗಿ ಸೋಲಾರನ್ನು ದೂರಬೇಡ. ಕೆವಿಎಆರ್ ಎಷ್ಟಿದೆ ಎಂದು ನೋಡು, ಹೆಚ್ಚಾಗಿರುವುದಿಲ್ಲ. ಆ ಇನ್ವರ್ಟರುಗಳಿಂದ ರಿಯಾಕ್ಟಿವ್ ಪವರನ್ನೂ ಪಡೆಯಬಹುದು. ಒಪ್ಪಂದದಲ್ಲಿ ಅದಕ್ಕೆ ಜಾಗವಿದೆಯೇ ಎಂದು ಕೇಳುವವರು ಬೇಕು. ನೀನು ಕೇಳು.

ಒಂದು ಮಾತನ್ನು ಮಾತ್ರ ಆಜ್ಞೆ ಎಂದೇ ತಿಳಿ. ಕೆಪಾಸಿಟರ್ ಲೈನಿನಿಂದ ಕಳಚಿದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತದೆ. ಒಳಗೆ ಡಿಸ್ಚಾರ್ಜ್ ರೆಸಿಸ್ಟರ್ ಇದೆ, ಕೆಲವು ನಿಮಿಷದಲ್ಲಿ ಇಳಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಆ ರೆಸಿಸ್ಟರ್ ಕೆಟ್ಟಿರಬಹುದು ಎಂದು ನಾನು ಹೇಳುತ್ತೇನೆ. 11 ಕೆವಿ ಬ್ಯಾಂಕ್ ಆದರೆ ಲೈನ್ ಕ್ಲಿಯರ್ ತಗೊಂಡು, ಐದು ಹತ್ತು ನಿಮಿಷ ಕಾದು, ರಾಡಿನಿಂದ ಮೂರೂ ಫೇಸ್ ಅರ್ತ್ ಮಾಡಿ, ಆಮೇಲೆ ಕೈ ಹಾಕಬೇಕು. ಹೊಲದ ಡಬ್ಬಿಯಲ್ಲಾದರೂ ಕಾಯದೆ, ಟೆಸ್ಟ್ ಮಾಡದೆ ಮುಟ್ಟಬಾರದು. "ಬೇಗ ಮುಗಿಸೋಣ ಸಾರ್" ಎಂದು ನಿನ್ನ ಲೈನ್‌ಮನ್ ಹೇಳಿದರೆ, ಬೇಗ ಬೇಡ ಎನ್ನಬೇಕಾದವನು ನೀನು. ಅವನ ಮನೆಯಲ್ಲಿ ಕಾಯುತ್ತಿರುವವರ ಮುಖ ನೆನಪಿಟ್ಟುಕೊಂಡು ಹೇಳು.

ಆ ಲೈನ್‌ಮನ್‌ನ ವಿಷಯಕ್ಕೂ ಬರಬೇಕು. ಯಾವ ಕಂಬದ ಜಂಪ್ ಸಡಿಲ, ಯಾರ ಹೊಲದ ಮೋಟರಿನ ಪ್ಲೇಟು ಸುಳ್ಳು, ಯಾವ ರೈತನಿಗೆ ಯಾರೊಡನೆ ಮಾತಿಲ್ಲ, ಎಲ್ಲ ಅವನಿಗೆ ಗೊತ್ತು. ಅವನಿಗೆ ಡಿಗ್ರಿ ಇಲ್ಲದಿರಬಹುದು. ಅವನನ್ನು ಏಕವಚನದಲ್ಲಿ ಕೂಗಿ ಕೆಲಸ ತೆಗೆಯಬಹುದೆಂದುಕೊಂಡರೆ ಕೆಲಸವಷ್ಟೇ ಸಿಗುತ್ತದೆ, ಅವನ ತಿಳಿವಳಿಕೆ ಸಿಗುವುದಿಲ್ಲ. ಅವನ ಜೊತೆ ಚಹಾ ಕುಡಿ, ಅವನ ಬೈಕಿನ ಹಿಂದೆ ಕೂತು ಲೈನು ನೋಡು. ಪವರ್ ಫ್ಯಾಕ್ಟರ್ ಎಂದರೇನೆಂದು ನೀನು ಅವನಿಗೆ ಹೇಳಿಕೊಡು. ಊರು ಎಂದರೇನೆಂದು ಅವನು ನಿನಗೆ ಹೇಳಿಕೊಡುತ್ತಾನೆ.

ಒಂದು ನೋಟ್‌ಬುಕ್ ಇಟ್ಟುಕೋ. ಫೋನಿನಲ್ಲಿ ಬೇಡ, ಫೋನು ವರ್ಷಕ್ಕೊಂದು ಬದಲಿಸುತ್ತೀಯ. ಟಿಸಿಯ ನಂಬರು, ಅದರ ಮೇಲಿನ ಮೋಟರುಗಳು, ಪ್ಲೇಟಿನ ಎಚ್‌ಪಿ, ಅಳೆದ ಆಂಪಿಯರ್, ಕೆಪಾಸಿಟರ್ ಇದೆಯೇ, ಜೀವವಿದೆಯೇ, ಲೈನಿನ ಕೊನೆಯ ವೋಲ್ಟೇಜು ಎಷ್ಟು. ಕೆಪಾಸಿಟರ್ ಹಾಕುವ ಮೊದಲಿನ ಅಂಕಿ ಒಂದು ಕಡೆ, ಹಾಕಿದ ಮೇಲಿನ ಅಂಕಿ ಪಕ್ಕದಲ್ಲಿ. ನಿನಗೆ ವರ್ಗವಾದಾಗ ಆ ನೋಟ್‌ಬುಕ್ಕನ್ನು ಮುಂದೆ ಬರುವವರ ಕೈಗೆ ಕೊಟ್ಟು ಹೋಗು. ನಮ್ಮಲ್ಲಿ ಒಬ್ಬರು ಕಟ್ಟಿದ ಕೆಲಸ ಮುಂದಿನವರ ಕಾಲಕ್ಕೆ ಕಳಚಿಬೀಳುವುದು ದುಡ್ಡಿಲ್ಲದ್ದರಿಂದ ಅಲ್ಲ, ಹೇಳಿಹೋಗುವವರು ಇಲ್ಲದ್ದರಿಂದ.

ಈ ಕೆಲಸದಲ್ಲಿ ಹೆಸರು ಬರುವುದಿಲ್ಲ, ಅದನ್ನೂ ಈಗಲೇ ತಿಳಿದುಕೋ. ಹೊಸ ಟಿಸಿ ಏರಿಸಿದ ದಿನ ಊರಿನವರು ಕಂಬಕ್ಕೆ ಮಾವಿನ ಸೊಪ್ಪು ಕಟ್ಟಿ ತೆಂಗಿನಕಾಯಿ ಒಡೆಯುತ್ತಾರೆ, ನಿನಗೂ ಒಂದು ಹಾರ ಹಾಕುತ್ತಾರೆ. ಸ್ಟಾರ್ಟರ್ ಡಬ್ಬಿಯೊಳಗೆ ಕೂತ ಕೆಪಾಸಿಟರಿಗೆ ಯಾರೂ ಪೂಜೆ ಮಾಡುವುದಿಲ್ಲ. ಸುಡದೆ ಉಳಿದ ಟಿಸಿಯ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಹೊಗಳಿಕೆಗೆ ಕಾದು ಕೂತರೆ ಎರಡನೇ ವರ್ಷಕ್ಕೆ ಕೈ ಸೋತುಹೋಗುತ್ತದೆ. ಆದರೆ ಲೈನಿನ ಕೊನೆಯ ಆ ರೈತ ಇದ್ದಾನಲ್ಲ, ಎಲ್ಲರ ಹೊಲಕ್ಕೂ ನೀರು ಹರಿದು ತನ್ನದಕ್ಕೆ ಮಾತ್ರ ಬಾರದ್ದನ್ನು ವರ್ಷಗಟ್ಟಲೆ ನೋಡಿದವನು, ಅವನಿಗೆ ಗೊತ್ತಾಗುತ್ತದೆ. ಎಸ್ಟಿಮೇಟ್ ಬರೆದು ಕಂಬ ನಿಲ್ಲಿಸುವುದು ಯಾರಿಗಾದರೂ ಬರುತ್ತದೆ. ಇದ್ದದ್ದರಲ್ಲೇ ಎಲ್ಲರಿಗೂ ಪಾಲು ಮುಟ್ಟಿಸುವುದು ಮನಸ್ಸಿದ್ದವರಿಗೆ ಮಾತ್ರ ಬರುತ್ತದೆ. ನಿನಗೆ ಆ ಮನಸ್ಸಿದೆ ಎಂದು ನಂಬಿಯೇ ಇಷ್ಟೆಲ್ಲ ಹೇಳಿದೆ.

ಹೋಗು. ಚಾರ್ಜ್ ತಗೊಂಡ ಮೊದಲ ವಾರವೇ ಲೈನ್‌ಮನ್‌ನನ್ನು ಕರೆದು ಒಂದೇ ಪ್ರಶ್ನೆ ಕೇಳು: ನಮ್ಮ ಸೆಕ್ಷನ್ನಿನಲ್ಲಿ ಹೆಚ್ಚು ಸಲ ಸುಟ್ಟ ಟಿಸಿ ಯಾವುದು? ಅವನು ಯೋಚಿಸದೆ ಹೇಳುತ್ತಾನೆ. ನಿನ್ನ ಕೆಲಸ ಅಲ್ಲಿಂದ ಶುರುವಾಗಲಿ, ಆ ಒಂದು ಟಿಸಿ ಒಂದು ಬೇಸಿಗೆ ಸುಡದೆ ದಾಟಲಿ. ಆಮೇಲೆ ಎರಡನೆಯದಕ್ಕೆ ಕೈ ಹಾಕು. ಎರಡನೆಯ ಊರಿನಲ್ಲಿ ನೀನು ಹೆಚ್ಚು ಮಾತಾಡಬೇಕಾಗುವುದಿಲ್ಲ. ಮೊದಲ ಊರಿನವರೇ ಬಂದು ನಿನ್ನ ಪರವಾಗಿ ಹೇಳುತ್ತಾರೆ.